ಪಿಕಪ್ಪಿನ ಪೂರ್ವಕಥೆ

“ಗಾಡಿಗೆ ಪಿಕಪ್ ಇಲ್ಲ” ಎಂಬ ಮಾತನ್ನು ಕೇಳದವರು ನಮ್ಮಲ್ಲಿ ವಿರಳ. ಇಂಗ್ಲಿಷಿನಿಂದ ಬಂದ ಈ ಪದ ಈಗ ನಮ್ಮದೇ ಆಗಿಹೋಗಿದೆ. ಮೊದಲ ಅಂಕದಲ್ಲಿ ಜೀವ ಹಿಡಿಯದ ನಾಟಕಕ್ಕೂ, ಕರೆದರೆ ಮೂರನೆಯ ಸಲಕ್ಕೆ ಓಗೊಡುವ ಗುಮಾಸ್ತನಿಗೂ ಪಿಕಪ್ ಇಲ್ಲವೆಂದೇ ಹೇಳುತ್ತೇವೆ. ಆದರೆ ಮೋಟಾರಿನವರ ಬಾಯಲ್ಲಿ ಅದಕ್ಕೆ ಖಚಿತವಾದ ಅರ್ಥವಿದೆ. ಕಾಲು ಕೇಳಿದ್ದನ್ನು ಎಂಜಿನ್ನು ಎಷ್ಟು ಬೇಗ ಕೊಟ್ಟಿತು ಎಂಬುದೇ ಪಿಕಪ್ಪು. ವೇಗ ಬೇರೆ, ಅದು ಬೇರೆ. ಕನ್ನಡ ಪಾಠ ಹೇಳುವವನಿಗೆ ಇಲ್ಲಿ ಏನು ಕೆಲಸವೆಂದು ಓದುಗರು ಕೇಳಬಹುದು. ಆ ಕೇಳುವುದಕ್ಕೂ ಕೊಡುವುದಕ್ಕೂ ನಡುವಿನ ಅರೆಕ್ಷಣದಲ್ಲಿ ನಮ್ಮ ಸಂಸಾರವೆಲ್ಲ ಒಮ್ಮೆ ಸಿಕ್ಕಿಕೊಂಡಿತ್ತು; ಅಂದಿನಿಂದ ಈ ವಿಷಯ ನನ್ನ ಬೆನ್ನು ಬಿಟ್ಟಿಲ್ಲ.

ಅದು 1993ನೆಯ ಇಸವಿ. ನಮ್ಮ ತಂದೆ ಚಿಕ್ಕಮಗಳೂರಿನ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರಾಗಿದ್ದರು. ತೋಟದ ಸಾಹುಕಾರರು ಕೈಬಿಟ್ಟ ಹಳೆಯ ಅಂಬಾಸಡರ್ ಕಾರನ್ನು ಕಂತಿನ ಮೇಲೆ ಕೊಂಡಿದ್ದರು. ಧರ್ಮಸ್ಥಳಕ್ಕೆ ಹೋಗಿ ಚಾರ್ಮಾಡಿ ಘಾಟಿ ಹತ್ತಿ ಹಿಂದಿರುಗುವಾಗ ಮುಂದೆ ದಿಮ್ಮಿ ಹೇರಿದ ಲಾರಿಯೊಂದು ತೆವಳುತ್ತಿತ್ತು. ಒಂದು ನೇರವಾದ ದಾರಿ ಸಿಕ್ಕಿತೆಂದು ಅಪ್ಪ ಬಲಕ್ಕೆ ಹೊರಳಿಸಿ ಆಕ್ಸಿಲರೇಟರನ್ನು ಒತ್ತಿದರು. ಎಂಜಿನ್ನು ಮುಂದಕ್ಕೆ ಜಿಗಿಯುವ ಬದಲು ಒಮ್ಮೆ ಕೆಮ್ಮಿ ಸುಮ್ಮನಾಯಿತು, ಆಮೇಲೆ ಎಳೆಯತೊಡಗಿತು. ಅಷ್ಟರಲ್ಲಿ ಮೇಲಿನ ತಿರುವಿನಲ್ಲಿ ಬಸ್ಸು ಕಾಣಿಸಿತು. ಅಪ್ಪ ಬ್ರೇಕು ತುಳಿದು ಹೇಗೋ ಲಾರಿಯ ಹಿಂದಕ್ಕೆ ಸರಿದುಕೊಂಡರು. “ಮಕ್ಕಳನ್ನು ಕೂರಿಸಿಕೊಂಡು ನುಗ್ಗಬೇಡಿ ಅಂದರೆ ನೀವು ಕೇಳುವುದಿಲ್ಲ” ಎಂದಷ್ಟೇ ಅಮ್ಮ ಹೇಳಿದ್ದು. ಕೊಟ್ಟಿಗೆಹಾರ ಬರುವವರೆಗೆ ಕಾರಿನಲ್ಲಿ ಯಾರೂ ಮಾತನಾಡಲಿಲ್ಲ.

ಆ ಕೆಮ್ಮಿನ ಕಾರಣ ತಿಳಿಯಬೇಕಾದರೆ ನೂರು ವರ್ಷ ಹಿಂದಕ್ಕೆ ಹೋಗಬೇಕು. ಪೆಟ್ರೋಲು ದ್ರವವಾಗಿದ್ದರೆ ಎಂಜಿನ್ನಿಗೆ ಪ್ರಯೋಜನವಿಲ್ಲ. ಅದು ಗಾಳಿಯಲ್ಲಿ ತಕ್ಕ ಪ್ರಮಾಣದಲ್ಲಿ ಬೆರೆಯಬೇಕು. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು ಹದಿನೈದು ಪಾಲು ಗಾಳಿ. 1886ರಲ್ಲಿ ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಗಾಡಿಗೆ ಪೇಟೆಂಟು ಪಡೆದಾಗ, ಇಂಧನದ ಮೇಲಿಂದ ಗಾಳಿ ಹಾಯಿಸಿ ಅದರ ಆವಿಯನ್ನು ಹೊತ್ತು ತರುವ ಉಪಾಯವಿತ್ತು. ನಿಧಾನದ ಗಾಡಿಗೆ ಅದು ಸಾಕಾಗಿತ್ತು. 1893ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಮೇಬ್ಯಾಕ್ ಸಣ್ಣ ರಂಧ್ರದಿಂದ ಪೆಟ್ರೋಲನ್ನು ಗಾಳಿಯ ಸೆಳೆತಕ್ಕೆ ಚಿಮ್ಮಿಸುವ ಕಾರ್ಬ್ಯುರೇಟರನ್ನು ಮಾಡಿದ. ಅದೇ ವರ್ಷ, ಅವನಿಗೂ ಕೆಲವು ತಿಂಗಳ ಮೊದಲೇ, ಬುಡಾಪೆಸ್ಟಿನಲ್ಲಿ ದೊನಾತ್ ಬಾಂಕಿ, ಯಾನೋಶ್ ಚೊಂಕಾ ಎಂಬಿಬ್ಬರು ಇಂಥದೇ ಸಾಧನಕ್ಕೆ ಪೇಟೆಂಟು ಕೇಳಿದ್ದರು. ಹೂ ಮಾರುವ ಹುಡುಗಿ ಹೂವಿಗೆ ನೀರು ಚಿಮುಕಿಸುವುದನ್ನು ಕಂಡು ಅವರಿಗೆ ಇದು ಹೊಳೆಯಿತೆಂದು ಕಥೆಯುಂಟು. ನನಗೇನೋ ಇದು ನ್ಯೂಟನ್ನನ ಸೇಬಿನ ಜಾತಿಯದೆಂದು ತೋರುತ್ತದೆ. ಆದರೂ ಕಥೆ ಚೆನ್ನಾಗಿದೆ.

ತೊಡಕು ಇರುವುದು ಇಲ್ಲಿ. ಗಾಳಿ ಹಗುರ, ಪೆಟ್ರೋಲು ಭಾರ. ಥ್ರಾಟಲನ್ನು ಥಟ್ಟನೆ ತೆರೆದರೆ ಗಾಳಿ ಕೂಡಲೇ ನುಗ್ಗುತ್ತದೆ, ಪೆಟ್ರೋಲು ಹಿಂದೆ ಉಳಿಯುತ್ತದೆ. ಆ ಒಂದು ಗಳಿಗೆ ಎಂಜಿನ್ನಿಗೆ ಸಿಗುವುದು ಬರೀ ಸಪ್ಪೆ ಮಿಶ್ರಣ. ಕಾಲು ಹೆಚ್ಚು ಕೇಳಿದಾಗಲೇ ಎಂಜಿನ್ನು ಕಡಿಮೆ ಕೊಡುವ ಈ ವಿಪರೀತವನ್ನು ನಿವಾರಿಸಲು ಮಾಡಿದ ಉಪಾಯಗಳ ಚರಿತ್ರೆಯೇ ಪಿಕಪ್ಪಿನ ಚರಿತ್ರೆ.

ಅನೇಕರು ಹಿಡಿದ ದಾರಿ ಸರಳವಾದದ್ದು. ಪೆಡಲು ಒತ್ತಿದಾಗ ಒಂದಿಷ್ಟು ಹೆಚ್ಚು ಪೆಟ್ರೋಲನ್ನು ಪಿಚಕಾರಿಯಂತೆ ಹೊಡೆಯುವ ಚಿಕ್ಕ ಪಂಪನ್ನು ಕಾರ್ಬ್ಯುರೇಟರಿನಲ್ಲೇ ಇಟ್ಟರು. ಇನ್ನೊಂದು ದಾರಿ ಇಂಗ್ಲೆಂಡಿನ ಸ್ಕಿನ್ನರ್ ಸೋದರರದು. ಅವರ ಮನೆತನದ ಕಸುಬು ಚಪ್ಪಲಿ, ಬೂಟು. ಲಂಡನ್ನಿನ ಲಿಲೀ ಅಂಡ್ ಸ್ಕಿನ್ನರ್ ಎಂಬ ಪಾದರಕ್ಷೆಯ ಅಂಗಡಿ ಹೆಸರಾದದ್ದು. ಜಾರ್ಜ್ ಹರ್ಬರ್ಟ್ ಸ್ಕಿನ್ನರನಿಗೆ ಮೋಟಾರಿನ ಹುಚ್ಚು. 1904ರ ಸುಮಾರಿಗೆ ಅವನು ಯೋಚಿಸಿದ ಕಾರ್ಬ್ಯುರೇಟರಿನಲ್ಲಿ ಗಾಳಿಯ ದಾರಿಯೇ ಅಗತ್ಯಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುತ್ತಿತ್ತು. ಎಂಜಿನ್ನು ಹೆಚ್ಚು ಗಾಳಿ ಸೆಳೆದರೆ ಒಳಗಿನ ಭಾಗ ಮೇಲಕ್ಕೇರುತ್ತದೆ. ಅದರ ತುದಿಯ ಚೂಪು ಸೂಜಿಯೂ ಮೇಲೆದ್ದು ಪೆಟ್ರೋಲಿನ ರಂಧ್ರವನ್ನು ಹೆಚ್ಚು ತೆರೆಯುತ್ತದೆ. ಮೇಲೇರುವ ಆ ಭಾಗಕ್ಕೆ ಅವನು ಮೊದಲು ಬಳಸಿದ್ದು ಚರ್ಮದ ತಿದಿಯನ್ನು! ಬೂಟಿನ ಮನೆಯವನಿಗೆ ಕೈಗೆ ಸಿಕ್ಕಿದ ಸಾಮಗ್ರಿ ಅದು. ಮುಂದೆ ತಿದಿಯ ಜಾಗಕ್ಕೆ ಲೋಹದ ಪಿಸ್ಟನ್ನು ಬಂದಿತು. ‘ಸ್ಕಿನ್ನರ್ಸ್ ಯೂನಿಯನ್’ ಎಂಬುದರ ಮೊದಲ ಅಕ್ಷರಗಳೇ ಎಸ್.ಯು.; ಹೀಗೆ ಪ್ರಸಿದ್ಧವಾದ ಈ ಸಂಸ್ಥೆಯನ್ನು 1926ರಲ್ಲಿ ಡಬ್ಲ್ಯು. ಆರ್. ಮಾರಿಸ್ ಕೊಂಡ. ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದಲೇ ನಮ್ಮ ಅಂಬಾಸಡರ್ ಹುಟ್ಟಿದ್ದು. ಹಾಗಾಗಿ ಚಪ್ಪಲಿ ಅಂಗಡಿಯ ಮನೆಯಲ್ಲಿ ಹೊಳೆದ ಈ ಉಪಾಯ ಕಾಫಿ ತೋಟದ ರೈಟರ ಕಾರಿನ ಬಾನೆಟ್ಟಿನ ಕೆಳಗೂ ಕುಳಿತಿತ್ತು.

ಈ ಪಿಸ್ಟನ್ನಿನ ನಡುವೆ ಒಂದು ಸಣ್ಣ ಕೊಳವೆಯಿದೆ. ಅದರಲ್ಲಿ ಸ್ವಲ್ಪ ಎಣ್ಣೆ ಇರಬೇಕು. ಥ್ರಾಟಲ್ ಥಟ್ಟನೆ ತೆರೆದಾಗ ಪಿಸ್ಟನ್ನು ಮೇಲಕ್ಕೆ ನೆಗೆಯದಂತೆ ಈ ಎಣ್ಣೆ ತಡೆಹಿಡಿಯುತ್ತದೆ. ಆಗ ಕಿರಿದಾದ ದಾರಿಯಲ್ಲಿ ಗಾಳಿ ರಭಸವಾಗಿ ನುಗ್ಗಿ ಪೆಟ್ರೋಲನ್ನು ಹೆಚ್ಚು ಸೆಳೆಯುತ್ತದೆ. ಪಂಪಿಲ್ಲದೆಯೇ ಪಂಪಿನ ಕೆಲಸ ಆಯಿತು! ಘಾಟಿಯ ಹಿಂದಿನ ವಾರವಷ್ಟೇ ಮೆಕ್ಯಾನಿಕ್ಕೊಬ್ಬರು ನಮ್ಮ ಕಾರ್ಬ್ಯುರೇಟರನ್ನು ಬಿಚ್ಚಿ ತೊಳೆದುಕೊಟ್ಟಿದ್ದರು. ಮನೆಗೆ ಬಂದ ಮಾರನೆಯ ದಿನ ಅಪ್ಪ ಕಾರಿನ ಜೊತೆ ಬಂದಿದ್ದ ಕೈಪಿಡಿಯನ್ನು ನಿಘಂಟು ಪಕ್ಕಕ್ಕಿಟ್ಟುಕೊಂಡು ಓದಿ, ಕಾರ್ಬ್ಯುರೇಟರಿನ ನೆತ್ತಿಯ ಮುಚ್ಚಳ ತಿರುಗಿಸಿ ತೆಗೆದರು. ಅದಕ್ಕೆ ಅಂಟಿಕೊಂಡಿದ್ದ ಕಡ್ಡಿ ಒಣಗಿತ್ತು; ತೊಳೆದವರು ಎಣ್ಣೆ ತುಂಬಲು ಮರೆತಿದ್ದರು. ಅಮ್ಮನ ಹೊಲಿಗೆ ಯಂತ್ರದ ಎಣ್ಣೆ ಡಬ್ಬಿ ತರಲು ನನ್ನನ್ನು ಕಳಿಸಿದರು. ನಾಲ್ಕು ಸಲ ಅದುಮಿದ್ದಷ್ಟೇ. ಮರುಗಳಿಗೆ ಎಂಜಿನ್ನು ಕಾಲಿಗೆ ಉತ್ತರ ಕೊಡುತ್ತಿತ್ತು. ಆ ಎಣ್ಣೆ ಕೊಂಚ ತೆಳುವೆಂದು ನಾನು ಬಹಳ ವರ್ಷಗಳ ಮೇಲೆ ತಿಳಿದೆ. 20ನೇ ನಂಬರಿನ ಎಣ್ಣೆ ಸಾಮಾನ್ಯವಾಗಿ ಹೇಳುವ ಪ್ರಮಾಣ. ಎಣ್ಣೆಯ ಮಂದ ತೆಳುವನ್ನು ಬದಲಿಸಿ ಪಿಕಪ್ಪನ್ನು ತಿದ್ದುವುದು ಎಸ್.ಯು. ಕಾರ್ಬ್ಯುರೇಟರಿನ ಯಜಮಾನರಿಗೆ ಊರೂರಲ್ಲೂ ಗೊತ್ತಿದ್ದ ವಿದ್ಯೆ.

ಹೀಗೆ ಕೈಯಿಂದಲೇ ತಿದ್ದುವವರ ದೊಡ್ಡ ಸಂತತಿಯೇ ಇತ್ತು. ಅಮೆರಿಕದಲ್ಲಿ ಫೋರ್ಡ್ ಕಂಪನಿ 1932ರಲ್ಲಿ ಅಗ್ಗದ ಕಾರಿಗೆ ಎಂಟು ಸಿಲಿಂಡರಿನ ಎಂಜಿನ್ನು ಇಟ್ಟಿತು; ಅದರ ಬಲ 65 ಕುದುರೆಯದು. ದಕ್ಷಿಣ ಕ್ಯಾಲಿಫೋರ್ನಿಯದ ಹುಡುಗರು ಹಳೆಯ ಕಾರುಗಳಿಗೆ ಅದನ್ನು ಕೂರಿಸಿ, ಒಂದು ಕಾರ್ಬ್ಯುರೇಟರಿನ ಜಾಗಕ್ಕೆ ಎರಡನ್ನು ಬಿಗಿದು, ಮ್ಯುರಾಕ್ ಎಂಬ ಬತ್ತಿದ ಕೆರೆಯಂಗಳದಲ್ಲಿ ಓಡಿಸುತ್ತಿದ್ದರು. 1937ರಲ್ಲಿ ಅವರೆಲ್ಲ ಸೇರಿ ಸಂಘವನ್ನೂ ಕಟ್ಟಿದರು. ಅವರಲ್ಲಿ ಕೆಲವರು ಕಷ್ಟಪಟ್ಟು ಕಲಿತ ಪಾಠವೊಂದಿದೆ. ಕಾರ್ಬ್ಯುರೇಟರ್ ಅತಿ ದೊಡ್ಡದಾದರೆ ನಿಧಾನದಲ್ಲಿ ಗಾಳಿಯ ರಭಸ ಇಳಿದು ಪೆಟ್ರೋಲು ಮೇಲೇಳುವುದಿಲ್ಲ. ಓಟ ಹೆಚ್ಚುತ್ತದೆ, ಪಿಕಪ್ಪು ಸಾಯುತ್ತದೆ. ನಮ್ಮಲ್ಲಿ ಏರ್ ಫಿಲ್ಟರನ್ನೇ ಕಿತ್ತೆಸೆದು ಎಂಜಿನ್ನು ಗರ್ಜಿಸಿತೆಂದು ಹಿಗ್ಗುವವರಿಗೂ ಇದನ್ನು ಹೇಳಬೇಕು. ಗರ್ಜನೆಯಂತೂ ಬರುತ್ತದೆ, ಜೊತೆಗೆ ರಸ್ತೆಯ ಧೂಳೂ ಒಳಗೆ ಹೋಗಿ ಸಿಲಿಂಡರನ್ನು ಸವೆಸುತ್ತದೆ. ಕೊಳೆಯಾದ ಫಿಲ್ಟರನ್ನು ಬದಲಿಸಿ, ಸಡಿಲಾದ ಆಕ್ಸಿಲರೇಟರ್ ಕೇಬಲ್ಲನ್ನು ಬಿಗಿದು, ಕಿಡಿಯ ಕಾಲವನ್ನು ಸರಿಪಡಿಸಿದರೆ ಹಳೆಯ ಗಾಡಿಯ ಅರ್ಧ ರೋಗ ವಾಸಿ.

ನನಗೆ ಎಲ್ಲರಿಗಿಂತ ಪ್ರಿಯನಾದವನು ಕಾಲಿನ್ ಚಾಪ್‌ಮನ್. 1948ರಲ್ಲಿ, ತಾನು ಮುಂದೆ ಮದುವೆಯಾದ ಹುಡುಗಿಯ ತಂದೆತಾಯಿಯರ ಮನೆಯ ಹಿಂದಿನ ಶೆಡ್ಡಿನಲ್ಲಿ ಹಳೆಯ ಆಸ್ಟಿನ್ ಸೆವೆನ್ ಕಾರನ್ನು ಬಿಚ್ಚಿ ಹೊಸದಾಗಿ ಕಟ್ಟಿದ. ಆ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳಿಗೆ ಗಾಳಿ ಹೋಗುವ ಬಾಯಿಗಳು ಎರಡೇ. ಒಂದೇ ನಲ್ಲಿಗೆ ಎರಡು ಮನೆಯವರು ಕೊಡ ಹಿಡಿದಂತೆ, ಒಂದು ಸಿಲಿಂಡರಿನ ಪಾಲನ್ನು ಪಕ್ಕದ್ದು ಕಿತ್ತುಕೊಳ್ಳುತ್ತಿತ್ತು. 1951ರ ಕಾರಿನಲ್ಲಿ ಚಾಪ್‌ಮನ್ ಆ ಬಾಯಿಗಳ ನಡುವೆ ತೆಳುವಾದ ಅಡ್ಡತಗಡನ್ನು ಇಟ್ಟು ಎರಡನ್ನು ನಾಲ್ಕಾಗಿಸಿದ. ಆ ಕಾರು ಪಂದ್ಯಗಳಲ್ಲಿ ಎಷ್ಟು ಸುಲಭವಾಗಿ ಗೆಲ್ಲತೊಡಗಿತೆಂದರೆ, ಪಂದ್ಯ ನಡೆಸುವ ಕ್ಲಬ್ಬು ನಿಯಮ ತಿದ್ದಿ ಆ ತಗಡನ್ನೇ ನಿಷೇಧಿಸಬೇಕಾಯಿತು. 1952ರಲ್ಲಿ ಅವನು ಸ್ಥಾಪಿಸಿದ ಲೋಟಸ್ ಕಂಪನಿಯ ಕಥೆ ದೊಡ್ಡದು, ಇಲ್ಲಿ ಬೇಡ.

2000ದ ಸುಮಾರಿಗೆ ಹೊಗೆಯ ನಿಯಮಗಳು ಬಿಗಿಯಾದಂತೆ ನಮ್ಮ ಕಾರುಗಳಿಂದ ಕಾರ್ಬ್ಯುರೇಟರು ಮರೆಯಾಯಿತು. ಪೆಟ್ರೋಲನ್ನು ಅಳೆದು ಚಿಮ್ಮಿಸುವ ಕೆಲಸ ಕಂಪ್ಯೂಟರಿಗೆ ಸೇರಿತು. ಇಂದಿನ ಬಹುಪಾಲು ಕಾರುಗಳಲ್ಲಿ ಪೆಡಲಿನಿಂದ ಎಂಜಿನ್ನಿಗೆ ಕೇಬಲ್ಲೂ ಇಲ್ಲ. ಕಾಲು ಅರ್ಜಿ ಕೊಡುತ್ತದೆ, ಯಂತ್ರ ಮಂಜೂರು ಮಾಡುತ್ತದೆ. ಪಿಕಪ್ ಹೆಚ್ಚಿಸುವುದೆಂದು ಈಗ ಮಾರುವ ಪುಟ್ಟ ಪೆಟ್ಟಿಗೆಗಳು ಆ ಅರ್ಜಿಯ ಭಾಷೆಯನ್ನು ಮಾತ್ರ ಜೋರು ಮಾಡುತ್ತವೆ. ಎಂಜಿನ್ನಿನ ಬಲ ಎಳ್ಳಷ್ಟೂ ಹೆಚ್ಚುವುದಿಲ್ಲ. ಹೊಗೆ ಕಡಿಮೆಯಾದದ್ದು ನಿಜ, ಘಾಟಿಯಲ್ಲಿ ಕೆಮ್ಮು ನಿಂತದ್ದೂ ನಿಜ. ಅದಕ್ಕೆ ನಾನು ಕೃತಜ್ಞ. ಆದರೂ ನನ್ನ ಈಗಿನ ಕಾರಿನ ಬಾನೆಟ್ಟನ್ನು ಎತ್ತಿದರೆ ಕಾಣುವುದು ಒಂದು ದೊಡ್ಡ ಪ್ಲಾಸ್ಟಿಕ್ ಮುಚ್ಚಳ.

ಅಂಬಾಸಡರನ್ನು ಅಪ್ಪ 2004ರಲ್ಲಿ ಮಾರಿದರು. ಕೊಳ್ಳಲು ಬಂದವರಿಗೆ ಕಾಗದಪತ್ರ ತೋರಿಸುವ ಮೊದಲು ಬಾನೆಟ್ ತೆರೆದು, ಆ ಮುಚ್ಚಳ ತಿರುಗಿಸಿ, ಕಡ್ಡಿಯನ್ನು ಎತ್ತಿ ಹಿಡಿದು, “ಇದು ಒಣಗದ ಹಾಗೆ ನೋಡಿಕೊಳ್ಳಿ” ಎಂದರು. ಬಂದವರು ಟೈರು ನೋಡುತ್ತಿದ್ದರು. ಅಪ್ಪ ಇನ್ನೊಮ್ಮೆ ಹೇಳಿದರು.