ಗಂಜೀಫೆಯ ವಿಪರೀತ ಕ್ರಮ

ಎಲೆಗಳನ್ನು ಹಂಚುವುದಕ್ಕೆ ಮೊದಲೇ ನಿಯಮವನ್ನು ನಿಶ್ಚಯಿಸಿಕೊಳ್ಳದ ಮನೆಯಲ್ಲಿ ವಿನೋದವು ಕಲಹದಲ್ಲಿ ಪರ್ಯವಸಾನವಾಗುವುದು ಅನುಭವಸಿದ್ಧವಷ್ಟೆ. ಪೂರ್ವಿಕರು ಇದನ್ನು ಬಲ್ಲವರಾಗಿದ್ದರು. ಬೀದರ ಸೀಮೆಯ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಐದನೆಯ ವಿಂಶತಿಯನ್ನು ಕ್ರೀಡೆಗಳಿಗೇ ಮೀಸಲಿಟ್ಟನು. ಎಲೆಯಾಟವು ಈ ದೇಶಕ್ಕೆ ಬಂದುದು ಅನಂತರ. 1527ರಲ್ಲಿ ಬಾಬರನು ಸಿಂಧದ ಶಾಹ ಹಸನನಿಗೆ ಗಂಜೀಫೆಯನ್ನು ಕಳುಹಿಸಿದ ಸಂಗತಿ ಅವನ ಆತ್ಮಚರಿತ್ರೆಯಲ್ಲಿ ಉಂಟು.

ಮೊಗಲರ ಗಂಜೀಫೆಯಲ್ಲಿ ಎಂಟು ವರ್ಗಗಳು, 96 ಎಲೆಗಳು. ಪ್ರತಿ ವರ್ಗದಲ್ಲಿ ಮೀರ್ ಎಂಬ ಅರಸು, ವಜೀರ, ಒಂದರಿಂದ ಹತ್ತರವರೆಗಿನ ಅಂಕಗಳು. ತಾಜ್, ಸಫೇದ್, ಶಮ್‌ಶೇರ್, ಗುಲಾಮ್ ಎಂಬ ನಾಲ್ಕರಲ್ಲಿ ಅಂಕಗಳ ಪೈಕಿ ಹತ್ತು ಶ್ರೇಷ್ಠ, ಒಂದು ಕನಿಷ್ಠ. ಚಂಗ್, ಸುರ್ಖ್, ಬರಾತ್, ಕಿಮಾಶ್ ಎಂಬ ನಾಲ್ಕರಲ್ಲಿ ಒಂದು ಶ್ರೇಷ್ಠ, ಹತ್ತು ಕನಿಷ್ಠ. ಶಮ್‌ಶೇರಿನ ಒಂಬತ್ತು ತನ್ನ ವರ್ಗದ ಎರಡನ್ನು ಗೆಲ್ಲುವುದು. ಬರಾತಿನ ಒಂಬತ್ತಾದರೋ ತನ್ನ ವರ್ಗದ ಎರಡಕ್ಕೆ ಸೋಲುವುದು. 120 ಎಲೆಗಳ ದಶಾವತಾರದ ಆಟದಲ್ಲಿಯೂ ಐದೈದು ವರ್ಗಗಳಿಗೆ ಇದೇ ವಿಭಾಗವುಂಟು.

ಕ್ರಮವು ತಿರುಗಿದಲ್ಲಿ ಅರಸನೂ ಕೆಳಗಿಳಿಯುವನೇ ಎಂಬ ಶಂಕೆ ಹುಟ್ಟಬಹುದು. ಇಳಿಯನು, ಅರಸು, ವಜೀರರ ಸ್ಥಾನ ಎಲ್ಲ ವರ್ಗಗಳಲ್ಲಿಯೂ ಸ್ಥಿರ, ವಿಪರ್ಯಾಸವು ಅಂಕಗಳಿಗೆ ಮಾತ್ರ. ಮೊದಲು ಆಡತಕ್ಕವರಾರೆಂಬುದು ಇನ್ನೊಂದು ವಿವಾದಸ್ಥಾನ. ಹಗಲಿನಲ್ಲಿ ಸುರ್ಖಿನ ಅರಸುಳ್ಳವನು, ರಾತ್ರಿಯಲ್ಲಿ ಸಫೇದಿನ ಅರಸುಳ್ಳವನು. ಸುರ್ಖ್ ಹೊನ್ನಿನ ನಾಣ್ಯ, ಸಫೇದ್ ಬೆಳ್ಳಿಯದು. ಸೂರ್ಯಚಂದ್ರರನ್ನು ನೆನೆದರೆ ಮರೆಯದು. ಇವೆರಡು ಪರಸ್ಪರ ವಿರುದ್ಧವಲ್ಲ. ಶಾಸ್ತ್ರಜ್ಞರು ಹೇಳುವ ವ್ಯವಸ್ಥಿತವಿಕಲ್ಪ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ‘ಶ್ರೀತತ್ತ್ವನಿಧಿ’ಯ ಕಡೆಯದಾದ ಕೌತುಕನಿಧಿಯಲ್ಲಿ ‘ಚದ’ಗಳೆಂಬ ಎಲೆಯಾಟಗಳನ್ನು ವರ್ಣಿಸಿ ಗ್ರಂಥಸ್ಥಗೊಳಿಸಿದರು. ಅವುಗಳಲ್ಲಿ ಚಾಮುಂಡೇಶ್ವರೀ ಚದವೊಂದಕ್ಕೇ 320 ಎಲೆಗಳು. ಅಷ್ಟು ವಿಸ್ತಾರವಾದ ಆಟವು ಬರಹವಿಲ್ಲದೆ ಬಾಯಿಂದ ಬಾಯಿಗೆ ಎಷ್ಟು ಕಾಲ ನಡೆದೀತು?

ಗಂಜೀಫೆಯ ದುಂಡು ಎಲೆಗಳನ್ನು ಮೈಸೂರಿನಲ್ಲಿಯೂ ಸಾವಂತವಾಡಿಯಲ್ಲಿಯೂ ಚಿತ್ರಕಾರರು ಇಂದಿಗೂ ಬರೆಯುತ್ತಾರೆ. ಕೊಂಡವರು ಗೋಡೆಗೆ ತೂಗುಹಾಕುವರು. ಆಡಬಲ್ಲವರು ವಿರಳರು. ಬರಾತಿನ ಎರಡು ಒಂಬತ್ತನ್ನು ಗೆಲ್ಲುವುದೆಂದು ಅರಿಯದವನಿಗೆ ಅದು ಆಟದ ಎಲೆಯಲ್ಲ, ಬರಿಯ ಚಿತ್ರ. ಆದಕಾರಣ ಹಳೆಯ ಎಲೆಗಳ ಪೆಟ್ಟಿಗೆಯುಳ್ಳ ಮನೆಯವರು, ಹಿರಿಯರು ಇರುವಾಗಲೇ, ತಮ್ಮ ಮನೆಯ ಕ್ರಮವನ್ನು ಕೇಳಿ ಒಂದು ಕಾಗದದಲ್ಲಿ ಬರೆದು ಅದೇ ಪೆಟ್ಟಿಗೆಯಲ್ಲಿ ಇಡುವುದು ಯುಕ್ತ.