ಎರಡು ನುಡಿಯ ಸೀಮೆಯ ಹಿರಿಯರು

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಬಿ.ಎಲ್. ರೈಸ್ ಪತ್ತೆ ಮಾಡಿದ್ದು 1892ರಲ್ಲಿ. ಹತ್ತಿರದ ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲೂ ಅದೇ ಒಕ್ಕಣೆ. ತಂದೆ ತಾಯಿಯ ಮಾತು ಕೇಳಬೇಕು, ಶಿಷ್ಯ ಗುರುವಿಗೆ ಮರ್ಯಾದೆ ಕೊಡಬೇಕು, ಇದು ಹಿಂದಿನಿಂದ ಬಂದ ರೀತಿ, ಇದರಿಂದ ಆಯುಸ್ಸು ವೃದ್ಧಿಸುತ್ತದೆ ಎಂದು ಅದು ಹೇಳುತ್ತದೆ. ಬರೆದವನು ಚಪಡ ಎಂಬ ಲಿಪಿಕಾರ. ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, ಕೊನೆಯ ಒಂದು ಪದವನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದುಬಿಟ್ಟಿದ್ದಾನೆ. ಮೇಷ್ಟರಾಗಿದ್ದ ಕಾಲದಲ್ಲಿ ಮಕ್ಕಳಿಗೆ ನಾನು ಮೊದಲು ಹೇಳುತ್ತಿದ್ದುದು ಇದನ್ನೇ: "ನೋಡ್ರೋ, ನಮ್ ಸೀಮೇಲಿ ಅಕ್ಷರ ಕಣ್ಣು ಬಿಟ್ಟಿದ್ದೇ ಎರಡು ಲಿಪೀಲಿ."

ಲಿಪಿ ಬಾರದವರ ಬಾಯಲ್ಲೂ ಇಲ್ಲಿ ನುಡಿ ಎರಡು. ಮ್ಯಾಸಬೇಡರ ಎಷ್ಟೋ ಮನೆಗಳಲ್ಲಿ ತೆಲುಗು, ಕಾಡುಗೊಲ್ಲರ ಹಟ್ಟಿಯಲ್ಲಿ ಕನ್ನಡ, ತಾಂಡಾದಲ್ಲಿ ಲಂಬಾಣಿ. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ 1953ರಲ್ಲಿ ಆಂಧ್ರಕ್ಕೆ ಸೇರಿತು. ಗಡಿ ಬಂತು, ಕೊಡುಕೊಳ್ಳುವ ಸಂಬಂಧ ನಿಲ್ಲಲಿಲ್ಲ. ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಇವತ್ತಿಗೂ ಆ ಕಡೆಯಿಂದ ಜನ ಬರುತ್ತಾರೆ. ನಮ್ಮದು ಮಗ್ಗದ ಮನೆ. ನಮ್ಮಜ್ಜಿ ರೇಷ್ಮೆ ಎಳೆಗಳನ್ನು ಎಣಿಸುತ್ತಿದ್ದುದು ತೆಲುಗಿನಲ್ಲಿ. ಸೀರೆ ಕೊಳ್ಳಲು ಬಂದವರು ಹೊಸ್ತಿಲು ದಾಟುತ್ತಲೇ ಎಣಿಕೆ ನಿಲ್ಲಿಸಿ ಕನ್ನಡದಲ್ಲಿ ಬೆಲೆ ಹೇಳುತ್ತಿದ್ದರು. ಅವರು ಅತ್ತ ಹೋದ ಮೇಲೆ ಬಿಟ್ಟ ಎಳೆಯಿಂದಲೇ ಮತ್ತೆ ತೆಲುಗಿನ ಎಣಿಕೆ. ಚಳ್ಳಕೆರೆಯ ಶೇಂಗಾ ಮಂಡಿಯಲ್ಲಿ ಹಮಾಲರಿಂದ ಹಿಡಿದು ದಲ್ಲಾಳಿವರೆಗೂ ಎಲ್ಲರ ಕಥೆ ಇದೇ. ಇದೊಂದು ವಿದ್ಯೆ ಅಂತ ಯಾರಿಗೂ ಅನ್ನಿಸಿದ್ದಿಲ್ಲ.

ವಿದ್ಯೆ ಹೌದೆಂದು ತೋರಿಸಿದ್ದು ಹೈದರಾಬಾದಿನ ಒಂದು ಅಧ್ಯಯನ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ತಜ್ಞೆಯಾಗಿರುವ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2013ರಲ್ಲಿ ಅದನ್ನು ಪ್ರಕಟಿಸಿದರು. ಮರೆವಿನ ಕಾಯಿಲೆಯಾದ ಡಿಮೆನ್ಶಿಯಾ ಬಂದ 648 ಮಂದಿಯಲ್ಲಿ 391 ಮಂದಿಗೆ ಎರಡು ಅಥವಾ ಹೆಚ್ಚು ನುಡಿ ಬರುತ್ತಿತ್ತು. ಒಂದೇ ನುಡಿಯವರಿಗಿಂತ ಇವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಯ ಮುಖ ನೋಡದವರಲ್ಲೂ ಈ ಅಂತರ ಇತ್ತು. ಎರಡರ ಮೇಲೆ ಮೂರನೆಯ ನುಡಿ ಬಂದರೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಒಂದು ನುಡಿಯನ್ನು ತಡೆಹಿಡಿದು ಇನ್ನೊಂದನ್ನು ಹೊರಗೆ ಬಿಡುವ ದಿನನಿತ್ಯದ ಕೆಲಸವೇ ಮಿದುಳಿಗೆ ಕಸರತ್ತಾಗುತ್ತದೆ ಎಂಬುದು ಸಂಶೋಧಕರ ವಿವರಣೆ. ಇದನ್ನು ಎಲ್ಲರೂ ಒಪ್ಪಿಲ್ಲ. ಕಾಯಿಲೆ ತಡವಾಗಬಹುದು ಎಂದಷ್ಟೇ ಈ ಅಧ್ಯಯನದ ಅರ್ಥ, ಬರುವುದೇ ಇಲ್ಲ ಅಂತಲ್ಲ.

ನೆನಪಿನ ಮಾತು ಬಂದರೆ ಚಳ್ಳಕೆರೆ ಸೀಮೆಯಲ್ಲಿ ಮೊದಲು ನಾಲಿಗೆಗೆ ಬರುವ ಹೆಸರು ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯದು. ಓದು ಬರಹ ಬಾರದ ಈ ಕಾಡುಗೊಲ್ಲರ ಹೆಣ್ಣುಮಗಳು ಸಾವಿರಾರು ಹಾಡುಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದರು. ಅವನ್ನು ಕೃಷ್ಣಮೂರ್ತಿ ಹನೂರು ಸಂಗ್ರಹಿಸಿ ‘ಸಾವಿರದ ಸಿರಿಬೆಳಗು’ ಎಂಬ ಪುಸ್ತಕ ತಂದರು. ಹಟ್ಟಿಯ ಹಾಡಿಕೆ ಒಂಟಿ ಕೆಲಸವಲ್ಲ. ಹಿರಿಯಳು ಒಂದು ಸೊಲ್ಲು ಎತ್ತುತ್ತಾಳೆ, ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ. ಅವರು ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ಸೊಲ್ಲು ಅವಳ ನಾಲಿಗೆ ತುದಿಗೆ ಬಂದಿರಬೇಕು. ಎಲ್ಲಾದರೂ ತಪ್ಪಿದರೆ ಪಕ್ಕದವಳು ಎತ್ತಿಕೊಡುತ್ತಾಳೆ. ಮದುವೆಯ ಸೋಬಾನೆ, ಹಟ್ಟಿಯ ದೈವಗಳಾದ ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪರ ಪದಗಳು ಅಜ್ಜಿಯಿಂದ ಮೊಮ್ಮಗಳಿಗೆ ಇಳಿದದ್ದು ಹೀಗೆ. ಆ ಹಾಡಿಕೆಯಲ್ಲಿ ವಯಸ್ಸಾದವಳಿಗೆ ಮೂಲೆಯಲ್ಲ, ಮುಂದಿನ ಜಾಗ.

ಮರೆವನ್ನು ಅಳೆಯಲು ಲೋಕವೆಲ್ಲ ಬಳಸುವ ಒಂದು ಪರೀಕ್ಷೆ 1975ರಿಂದ ಇದೆ. ನೂರರಿಂದ ಏಳೇಳು ಕಳೆಯುತ್ತ ಹೋಗಿ ಅನ್ನುತ್ತದೆ, ಒಂದು ವಾಕ್ಯ ಬರೆಯಿರಿ ಅನ್ನುತ್ತದೆ. ಸಾವಿರಾರು ಹಾಡು ಬಲ್ಲವರಿಗೂ ಅಕ್ಷರ ಬಾರದಿದ್ದರೆ ಅಲ್ಲಿ ಅಂಕ ಹೋಯಿತು. ನಮ್ಮ ಹಳ್ಳಿಯವರ ಮಿದುಳನ್ನು ನಮ್ಮ ನೆಲದಲ್ಲೇ ಅರಿಯಬೇಕೆಂದು ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಅಧ್ಯಯನ ನಡೆಸುತ್ತಿದೆ. 45 ದಾಟಿದ ಹತ್ತು ಸಾವಿರ ಹಳ್ಳಿಗರನ್ನು ವರ್ಷಗಟ್ಟಲೆ ಗಮನಿಸುವುದು ಅದರ ಗುರಿ. ಅದೂ ನಮ್ಮಂತೆ ಕನ್ನಡ–ತೆಲುಗು ಬೆರೆತ ಗಡಿ ಸೀಮೆ. ಐಐಎಸ್‌ಸಿಯ ಎರಡನೆಯ ಆವರಣ ಇರುವುದು ನಮ್ಮ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ. ಇಂಥ ಕೆಲಸ ಇಲ್ಲಿಗೂ ಬರಬೇಕು.

ಹಳೆಯ ಬಾಳನ್ನು ಹಾಡಿ ಹೊಗಳಿ ಸುಮ್ಮನಾಗುವುದು ಸುಲಭ. ಆದರೆ 2023ರಲ್ಲಿ ಬಂದ ರಾಷ್ಟ್ರೀಯ ಅಂದಾಜಿನ ಪ್ರಕಾರ 60 ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ಹಳ್ಳಿಗರಲ್ಲಿ, ಹೆಂಗಸರಲ್ಲಿ, ಓದದವರಲ್ಲಿ ಹೆಚ್ಚು. ಸಿರಿಯಜ್ಜಿಯಂಥ ಒಬ್ಬರ ನೆನಪಿನ ಶಕ್ತಿ ಊರಿಗೆಲ್ಲ ರಕ್ಷೆಯಾಗದು. ಲ್ಯಾನ್ಸೆಟ್ ಆಯೋಗ 2024ರಲ್ಲಿ ನಾವು ತಿದ್ದಿಕೊಳ್ಳಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿದೆ: ಬಾಲ್ಯದಲ್ಲಿ ಓದು ತಪ್ಪುವುದು, ಕಿವಿ ಮಂದವಾಗುವುದು, ಕಣ್ಣಿನ ತೊಂದರೆಗೆ ಚಿಕಿತ್ಸೆ ಸಿಗದಿರುವುದು, ಬಿ.ಪಿ., ಸಕ್ಕರೆ ಕಾಯಿಲೆ, ಬೀಡಿ, ಹೆಂಡ, ಒಂಟಿತನ ಮೊದಲಾದವು. ಇವನ್ನೆಲ್ಲ ನಿವಾರಿಸಿದರೆ ಶೇ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಲೆಕ್ಕ.

ನಮ್ಮ ಕಡೆ ಹಿರಿಯರು ಕೇಳಿದ್ದನ್ನೇ ಕೇಳಿದರೆ ಅರವತ್ತರ ಅರಳುಮರಳು ಎಂದು ನಕ್ಕುಬಿಡುವುದು ವಾಡಿಕೆ. ಆ ವಾಡಿಕೆ ಸಾಕು. ಮನೆಯ ದಾರಿ ತಪ್ಪಿದರೆ, ಗೊತ್ತಿದ್ದ ಲೆಕ್ಕ ತಪ್ಪಿದರೆ ವೈದ್ಯರಿಗೆ ತೋರಿಸಿ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಮಿದುಳು ಆರೋಗ್ಯ ಯೋಜನೆ ಆರಂಭಿಸಿದೆ. ಜಿಲ್ಲಾಸ್ಪತ್ರೆಗೆ ಹೋಗಿ ವಿಚಾರಿಸಿ. ಅಜ್ಜಿಯ ಕಿವಿಗೆ ಯಂತ್ರ ಹಾಕಿಸಿ, ಕಣ್ಣಿನ ಪೊರೆ ತೆಗೆಸಿ, ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಮೊಮ್ಮಕ್ಕಳೊಡನೆ ಮನೆಯ ನುಡಿಯಲ್ಲೂ ಮಾತಾಡಿ, ಬೀದಿಯ ನುಡಿಯನ್ನೂ ಬಿಡಬೇಡಿ.