ದರೋಡೆಕೋರನ ಋಣ

ಜನವಸತಿಗೂ ಬೀಡು ಬಯಲಿಗೂ ನಡುವಣ ಗಡಿರೇಖೆಯು ಇನ್ನು ಉಳಿದಿಲ್ಲವೆಂದು ಅಮೆರಿಕದ 1890ನೆಯ ಇಸವಿಯ ಖಾನೇಷುಮಾರಿಯು ಸಾರಿತು. ರೈಲುದಾರಿಯೂ ತಂತಿಯೂ ಪಿಂಕರ್ಟನ್ ಸಂಸ್ಥೆಯ ಪತ್ತೇದಾರರೂ ಹಬ್ಬಿದಂತೆಲ್ಲ ದರೋಡೆಕೋರರು ಅಡಗುವ ನೆಲವು ಕಿರಿದಾಯಿತು. 1899ರಲ್ಲಿ ವಯೋಮಿಂಗ್ ಪ್ರಾಂತದ ವಿಲ್ಕಾಕ್ಸ್ ಬಳಿ ರೈಲನ್ನು ದೋಚಿದ ‘ವೈಲ್ಡ್ ಬಂಚ್’ ತಂಡದ ನಾಯಕ ಬುಚ್ ಕ್ಯಾಸಿಡಿಯು 1901ರಲ್ಲಿ ದಕ್ಷಿಣ ಅಮೆರಿಕಕ್ಕೆ ಪಲಾಯನ ಮಾಡಿದನು.

ರಾಕ್‌ಸ್ಟಾರ್ ಗೇಮ್ಸ್ ಸಂಸ್ಥೆಯವರು 2018ರಲ್ಲಿ ಹೊರತಂದ ‘ರೆಡ್ ಡೆಡ್ ರಿಡೆಂಪ್ಷನ್ 2’ ಎಂಬ ವಿಡಿಯೋ ಗೇಮಿನ ಕಥೆಯು ಆ 1899ರಲ್ಲಿಯೇ ಮೊದಲಾಗುತ್ತದೆ. ಅದರ ಕಲ್ಪಿತ ತಂಡದ ನಾಯಕ ಡಚ್ ವಾನ್ ಡೆರ್ ಲಿಂಡನು ಕಳವನ್ನು ಕಳವೆನ್ನನು, ಸ್ವಾತಂತ್ರ್ಯವೆನ್ನುವನು. ಟಹೀಟಿ ದ್ವೀಪದ ಆಸೆ ತೋರಿಸಿ, ಇನ್ನೊಂದು ದರೋಡೆ ಸಾಕೆನ್ನುವನು. ಹುಡುಗನಾಗಿದ್ದಾಗಲೇ ಅವನ ಆಶ್ರಯಕ್ಕೆ ಬಂದ ಆರ್ಥರ್ ಮಾರ್ಗನನನ್ನು ಪಾತಕಕ್ಕೆ ನೂಕುವುದು ಧನಲೋಭವಲ್ಲ, ಋಣ. ಸಾಕಿದವನ ಮಾತನ್ನು ಶಂಕಿಸುವುದೇ ಅವನಿಗೆ ದ್ರೋಹವಾಗಿ ತೋರುವುದು.

ತಂಡದ ಬಡ್ಡಿಸಾಲವನ್ನು ವಸೂಲು ಮಾಡಹೋಗಿ ಆರ್ಥರನು ಒಬ್ಬ ಬಡ ರೋಗಿಯನ್ನು ಹೊಡೆಯುತ್ತಾನೆ. ಅವನ ಕೆಮ್ಮಿನಿಂದಲೇ ಕ್ಷಯವು ಇವನಿಗೆ ಅಂಟುತ್ತದೆ. ಮೃತ್ಯುವು ಸಮೀಪಿಸಿದ ಮೇಲೆ ನಾಯಕನ ಸ್ವಾತಂತ್ರ್ಯವು ಬರಿಯ ಮಾತೆಂದು ಅವನಿಗೆ ತಿಳಿಯುತ್ತದೆ. ಆಗ ಅವನು ಸಂಗಾತಿಯಾದ ಜಾನ್ ಮಾರ್ಸ್ಟನನ ಸಂಸಾರವನ್ನಾದರೂ ಆ ಬಾಳಿನಿಂದ ಬಿಡಿಸಲೆಳಸುವನು. ಡಚ್ಚನಾದರೋ ಸೋತಷ್ಟೂ ತನ್ನವರನ್ನೇ ಶಂಕಿಸುವನು.

ಆಡುವವನು ಆರ್ಥರನಿಂದ ಮಾಡಿಸುವ ಒಳಿತು ಕೆಡಕುಗಳಿಗೆ ತಕ್ಕಂತೆ ಅವನ ಅಂತ್ಯವು ಬದಲಾಗುವುದುಂಟು. ಆದರೆ ಆ ರೋಗಿಗೆ ಬಿದ್ದ ಪೆಟ್ಟನ್ನು ತಪ್ಪಿಸಲು ಆಡುವವನಿಗೂ ದಾರಿಯಿಲ್ಲ. ಪಶ್ಚಾತ್ತಾಪವು ಮುಂದಣ ನಡತೆಯನ್ನು ತಿದ್ದೀತು. ಮಾಡಿದ ಕರ್ಮವನ್ನು ಅಳಿಸಲಾರದು.